ಗೃಹಸ್ಥನ ಸಾಲವೂ ಪೇಟೆಯ ಮುಗ್ಗಟ್ಟೂ

ಒಬ್ಬನ ಸಾಲವು ಮತ್ತೊಬ್ಬನ ಆಸ್ತಿ. ಎರಡನ್ನೂ ಕೂಡಿದರೆ ದೇಶದ ಪಾಲಿಗೆ ಶೂನ್ಯ. ಆದುದರಿಂದ ಮನೆಮನೆಯ ಸಾಲವು ಎಷ್ಟೇ ಬೆಳೆದರೂ ವ್ಯಾಪಾರಕ್ಕೆ ಕುಂದಿಲ್ಲ. ಹೀಗೆಂದು ವಾದಿಸುವವರುಂಟು. ಅಮೆರಿಕದಲ್ಲಿ 1929ಕ್ಕೆ ಮುಂಚೆಯೂ 2007ಕ್ಕೆ ಮುಂಚೆಯೂ ಗೃಹಸ್ಥರ ಸಾಲ ವಿಪರೀತವಾಗಿ ಏರಿತ್ತು, ಎರಡು ಬಾರಿಯೂ ಮುಗ್ಗಟ್ಟು ಬಂದಿತು, ಆದುದರಿಂದ ಸಾಲವೇ ಮುಗ್ಗಟ್ಟಿಗೆ ಕಾರಣವೆನ್ನುವವರೂ ಉಂಟು. ಎರಡನ್ನೂ ಚಿತ್ರದುರ್ಗದ ಸೀಮೆಯ ಒರೆಗಲ್ಲಿಗೆ ಹಚ್ಚಿ ನೋಡುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಮೊದಲನೆಯ ವಾದದಲ್ಲಿ ಲೆಕ್ಕ ಸರಿ, ತೀರ್ಮಾನ ತಪ್ಪು. ಹೊಳಲ್ಕೆರೆಯ ಅಡಿಕೆ ಬೆಳೆಗಾರನೊಬ್ಬನು ಕಂತು ಕಟ್ಟುವುದಕ್ಕಾಗಿ ಬಟ್ಟೆಬರೆಯ ಖರ್ಚಿನಲ್ಲಿ ಸಾವಿರ ರೂಪಾಯಿ ಹಿಡಿದನೆನ್ನೋಣ. ಆ ಹಣ ಸೇರಿದ ಸಾಹುಕಾರನು ಸಾವಿರ ರೂಪಾಯಿನ ಬಟ್ಟೆಯನ್ನು ಹೆಚ್ಚಾಗಿ ಕೊಳ್ಳುವನೇ? ಅವನಿಗೆ ಬಟ್ಟೆಯ ಕೊರತೆಯಿಲ್ಲ. ಹಣವು ನಾಶವಾಗಲಿಲ್ಲ, ನಿಜ. ಜವಳಿ ಅಂಗಡಿಗೆ ಗಿರಾಕಿ ತಪ್ಪಿದನು. ಹೋಬಳಿಗೆ ಹೋಬಳಿಯೇ ಹೀಗೆ ಕೈ ಬಿಗಿಹಿಡಿದರೆ ಅಂಗಡಿಯವನೂ ತನ್ನ ಸಾಲ ತೀರಿಸಲಾರನು.

ಎರಡನೆಯದು ಕಾಕತಾಳೀಯದ ಗೊಡವೆ. ಬೆಂಕಿಯಿದ್ದ ಮಾತ್ರಕ್ಕೆ ಹೊಗೆ ಏಳದು, ಹಸಿ ಸೌದೆಯೆಂಬ ಉಪಾಧಿ ಬೇಕು ಎಂಬುದು ನಮ್ಮ ನೈಯಾಯಿಕರ ಮಾತು. ಇಲ್ಲಿ ಹಸಿ ಸೌದೆಯೆಂದರೆ ಆದಾಯದ ಕುಸಿತ. ಸಾಲ ಮಾಡಿ ತೆಂಗಿನ ತೋಟವೆಬ್ಬಿಸಿದ ಹೊಸದುರ್ಗದ ರೈತನಿಗೆ ಫಲ ಬಂದು ಬೆಲೆಯೂ ನಿಂತರೆ, ಅವನ ಸಾಲವು ಪೇಟೆಯನ್ನು ಕೆಡಿಸುವುದಿಲ್ಲ, ಬೆಳೆಸುತ್ತದೆ.

ಈ ಸೀಮೆಯಲ್ಲಿ ಆದಾಯ ಕುಸಿಯಿತೆಂದರೆ ಮಳೆ ತಪ್ಪಿತೆಂದೇ ಎಲ್ಲರ ಎಣಿಕೆ. ಹಾಗಲ್ಲವೆಂಬುದಕ್ಕೆ ಹಿರಿಯೂರಿನ ವಾಣೀವಿಲಾಸ ಸಾಗರವೇ ಸಾಕ್ಷಿ. ಆ ಜಲಾಶಯ 1933ರಲ್ಲಿ ಕೋಡಿ ಬಿದ್ದಿತು. ಮತ್ತೆ ಕೋಡಿ ಬಿದ್ದುದು 2022ರಲ್ಲಿ. ನೀರು ತುಂಬಿ ಹರಿದ ಆ 1933, ಜಗತ್ತಿನಲ್ಲೆಲ್ಲ ಧಾನ್ಯದ ಬೆಲೆ ಪಾತಾಳಕ್ಕಿಳಿದಿದ್ದ ಕಾಲವೂ ಹೌದು. ಹತ್ತು ಮೂಟೆ ಮಾರಿ ತೀರಿಸಬಹುದೆಂದು ನೂರು ರೂಪಾಯಿ ಸಾಲ ಮಾಡಿದವನಿಗೆ, ಬೆಲೆ ಅರ್ಧಕ್ಕಿಳಿದಾಗ ಇಪ್ಪತ್ತು ಮೂಟೆ ಬೇಕಾಗುತ್ತದೆ. ಸಾಲಪತ್ರದಲ್ಲಿ ಒಂದಕ್ಷರವೂ ಬದಲಾಗುವುದಿಲ್ಲ. ಸಾಲ ಮಾತ್ರ ಇಮ್ಮಡಿಯಾಗುತ್ತದೆ. ಅಮೆರಿಕದ ಅರ್ವಿಂಗ್ ಫಿಷರ್ ಅದೇ ವರ್ಷ ವಿವರಿಸಿದುದು ಈ ಸುಳಿಯನ್ನೇ: ಸಾಲ ತೀರಿಸಲು ಎಲ್ಲರೂ ಒಮ್ಮೆಗೇ ಮಾರಹೊರಟರೆ ಬೆಲೆ ಇನ್ನಷ್ಟು ಇಳಿದು, ಉಳಿದ ಸಾಲವು ಇನ್ನಷ್ಟು ಭಾರವಾಗುತ್ತದೆ.

ಮೈಸೂರು ಸಂಸ್ಥಾನವು ಕೃಷಿಕರ ಸಾಲಪರಿಹಾರಕ್ಕಾಗಿ 1928ರಲ್ಲಿಯೇ ಕಾಯಿದೆ ಮಾಡಿತ್ತು. 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರವು ಕಿರುಸಾಲಗಳ ಬಲಾತ್ಕಾರದ ವಸೂಲಿಯನ್ನು ತಡೆಯಲು ಸುಗ್ರೀವಾಜ್ಞೆ ಹೊರಡಿಸಿತು. ಬಾಗಿಲಲ್ಲಿ ಕುಳಿತು ಮಾನ ಕಳೆಯುವವರನ್ನು ಎಬ್ಬಿಸಿದುದು ಸರಿಯೇ. ಆದರೆ ನೋಂದಾಯಿತ ಸಂಸ್ಥೆಗಳ ಸಾಲದ ಕಂತಿನ ಹೊರೆ ಅದರಿಂದ ಇಳಿಯಲಿಲ್ಲ. ಬರವೆಂದು ಘೋಷಣೆಯಾದ ತಾಲ್ಲೂಕಿನಲ್ಲಿ ಬ್ಯಾಂಕುಗಳು ಬೆಳೆಸಾಲದ ಕಂತನ್ನು ಮುಂದೂಡುವ ಕ್ರಮವುಂಟು. ಆ ಘೋಷಣೆಗೆ ಮಳೆಯನ್ನೂ ಬೆಳೆಯನ್ನೂ ಅಳೆಯುತ್ತಾರೆ, ಬೆಲೆಯನ್ನು ಅಳೆಯುವುದಿಲ್ಲ. ಮಳೆ ಚೆನ್ನಾಗಿ ಬಂದು, ಈರುಳ್ಳಿಯ ಚೀಲಕ್ಕೆ ಸಾಗಾಣಿಕೆಯ ಖರ್ಚೂ ಹುಟ್ಟದ ವರ್ಷ, ಹಿರಿಯೂರಿನ ರೈತನು ಕಂತಿನ ವಾಯಿದೆ ಕೇಳಲು ಯಾವ ಕಚೇರಿಗೆ ಹೋಗಬೇಕೆಂಬುದನ್ನು ಅಧಿಕಾರಿಗಳೇ ತಿಳಿಸಬೇಕು.