ಮನೆ ಮುಂದೆ ಇಳಿಯುವ ಲಾರಿ ಆಕ್ಸಲ್

ಬೆಂಗಳೂರು–ಪುಣೆ ಹೆದ್ದಾರಿಯನ್ನು ಹುಳಿಯಾರು–ಮಧುಗಿರಿ ರಸ್ತೆ ದಾಟುವ ಊರು ಶಿರಾ. ಈ ಸೀಮೆಯ ಕಡಲೆಕಾಯಿ, ಹುಣಸೆಹಣ್ಣು, ಜಲ್ಲಿ ಎಲ್ಲಕ್ಕೂ ಲಾರಿಯೇ ಗತಿ. ಪಾವಗಡದ ತಿರುಮಣಿ ಸುತ್ತ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಎದ್ದಾಗ ಅದರ ಸರಂಜಾಮು ಬಂದದ್ದೂ ಲಾರಿಯಲ್ಲೇ. ಒಂದೇ ಗಾಡಿ ಇಟ್ಟುಕೊಂಡು ತಾನೇ ಓಡಿಸುವವನಿಗೆ ಗಾಡಿ ನಿಂತ ದಿನ ದುಡಿಮೆ ಇಲ್ಲ. ಹಾಗಾಗಿ ಮುಂದಿನ ಆಕ್ಸಲ್ ಬಿಚ್ಚುವಂಥ ದೊಡ್ಡ ಕೆಲಸವನ್ನೂ ಮೇಸ್ತ್ರಿಯನ್ನು ಕರೆಸಿ ಮನೆ ಮುಂದೆಯೇ ಮಾಡಿಸುವವರಿದ್ದಾರೆ.

ಸ್ಟೇರಿಂಗ್ ಅದುರುತ್ತದೆ, ಟೈರ್ ಒಂದೇ ಪಕ್ಕ ಸವೆಯುತ್ತದೆ ಎಂದರೆ ಮೇಸ್ತ್ರಿ ಮೊದಲು ಸ್ಪ್ಯಾನರ್ ಮುಟ್ಟುವುದಿಲ್ಲ. ಚಕ್ರ ಎತ್ತಿಸಿ, ಟೈರಿನ ಮೇಲೊಂದು ಕೈ, ಕೆಳಗೊಂದು ಕೈ ಇಟ್ಟು ಅಲ್ಲಾಡಿಸುತ್ತಾರೆ. ಆಮೇಲೆ ಹುಡುಗನಿಗೆ ಬ್ರೇಕ್ ತುಳಿಯಲು ಹೇಳಿ ಮತ್ತೆ ಅಲ್ಲಾಡಿಸುತ್ತಾರೆ. ಆಟ ನಿಂತರೆ ತೊಂದರೆ ಹಬ್ ಬೇರಿಂಗಿನದು. ಆಗಲೂ ಆಡಿದರೆ, ಸ್ಟೇರಿಂಗ್ ತಿರುಗಿಸಿದಾಗ ಚಕ್ರ ಹೊರಳಲು ಕೀಲಾಗಿರುವ ಕಿಂಗ್ ಪಿನ್ ಸವೆದಿದೆ. ಯಾವ ಯಂತ್ರವೂ ಬೇಡದ ಈ ಪರೀಕ್ಷೆಯನ್ನು ಪ್ರತಿ ಚಾಲಕನೂ ಕಲಿಯಬೇಕು. ಅದು ಈಗ ಇನ್ನೂ ಮುಖ್ಯ: 2018ರಲ್ಲಿ ಎರಡು ಟೈರಿನ ಮುಂದಿನ ಆಕ್ಸಲ್ಲಿನ ಭಾರದ ಮಿತಿ 6 ಟನ್ನಿನಿಂದ 7 ಟನ್ನಿಗೆ ಏರಿತು. ಆ ಭಾರವೆಲ್ಲ ಎರಡು ಕಡೆಯ ಪಿನ್ನು, ಅದು ಕೂರುವ ಬುಷ್ಷು, ಬೇರಿಂಗುಗಳನ್ನು ಹಾದೇ ಚಕ್ರಕ್ಕೆ ಇಳಿಯಬೇಕು.

ಪಿನ್ ಬದಲಿಸಲು ಆಕ್ಸಲ್ ಇಳಿಸಬೇಕಿಲ್ಲ. ಆದರೆ ಆಕ್ಸಲ್ಲಿನ ಬೀಮು ಬಾಗಿದ್ದರೆ, ಪಿನ್ ಕೂರುವ ತೂತು ಅಗಲವಾಗಿದ್ದರೆ ಇಳಿಸದೆ ವಿಧಿಯಿಲ್ಲ. ಆಗ ಗಟ್ಟಿ ನೆಲ ನೋಡಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಚಾಸಿಯ ಕೆಳಗೆ ದಪ್ಪ ಮರದ ದಿಮ್ಮಿ ಅಥವಾ ಸ್ಟ್ಯಾಂಡ್ ಇಡಬೇಕು. ಬರೀ ಜಾಕಿ ನಂಬಿ ಅಡಿಗೆ ಹೋಗಲೇಕೂಡದು. ಈ ಮಾತಿನಲ್ಲಿ ರಿಯಾಯಿತಿ ಕೊಡುವ ಮೇಸ್ತ್ರಿಯನ್ನು ಕರೆಯಲೇಬೇಡಿ. ಚಕ್ರ, ಹಬ್ ತೆಗೆದು, ಬ್ರೇಕಿನ ಹೋಸ್ ಮತ್ತು ಸ್ಟೇರಿಂಗಿನ ರಾಡ್ ಕಳಚಿ, ಬೀಮನ್ನು ಸ್ಪ್ರಿಂಗ್ ಪಟ್ಟಿಗೆ ಬಿಗಿದ ಯು ಬೋಲ್ಟ್ ಬಿಚ್ಚಿದರೆ ಬೀಮು ಜಾಕಿಯ ಮೇಲೆ ಕೆಳಗಿಳಿಯುತ್ತದೆ.

ಕಷ್ಟ ಇರುವುದು ಕಿಂಗ್ ಪಿನ್ನಿನಲ್ಲಿ. ಅಡ್ಡ ಕೂತ ಲಾಕ್ ಪಿನ್ ಹೊರಗೆ ಬಂದ ಮೇಲೂ ತುಕ್ಕು ಹಿಡಿದ ಪಿನ್ ಸುತ್ತಿಗೆಗೆ ಜಗ್ಗುವುದಿಲ್ಲ. ಅವಸರದವರು ಗ್ಯಾಸ್ ಹಚ್ಚಿ ಕೆಂಪಗೆ ಕಾಯಿಸುತ್ತಾರೆ. ಅದು ತಪ್ಪು; ಹದ ಮಾಡಿದ ಉಕ್ಕು ಶಕ್ತಿ ಕಳೆದುಕೊಳ್ಳುತ್ತದೆ. ಎಣ್ಣೆ ಬಿಟ್ಟು ಕಾಯಬೇಕು, ಆಗದಿದ್ದರೆ ಪ್ರೆಸ್ ಇರುವ ಕಡೆ ಒಯ್ಯಬೇಕು. ಹೊಸ ಬುಷ್ ಕೂರಿಸಿ ಪಿನ್ನಿನ ಅಳತೆಗೆ ತೂತು ಸರಿಮಾಡುವುದೂ ಲೇತ್ ಅಂಗಡಿಯ ಕೆಲಸವೇ. ಬುಷ್ಷಿನ ತೂತು ಗ್ರೀಸ್ ನಿಪ್ಪಲಿಗೆ ನೇರ ಬಂದಿದೆಯೇ ಎಂದು ಟಾರ್ಚ್ ಬಿಟ್ಟು ನೋಡಿಕೊಳ್ಳಿ. ತಪ್ಪಿದ್ದರೆ ಎಷ್ಟು ಗ್ರೀಸ್ ಹೊಡೆದರೂ ಪಿನ್ನಿಗೆ ತಲುಪದು.

ಜೋಡಿಸುವಾಗ ಸ್ಪ್ರಿಂಗ್ ಪಟ್ಟಿಯ ಸೆಂಟರ್ ಬೋಲ್ಟಿನ ತಲೆ ಬೀಮಿನ ಗುಳಿಯಲ್ಲೇ ಕೂರಬೇಕು. ಸ್ಪ್ರಿಂಗಿಗೂ ಬೀಮಿಗೂ ನಡುವಿನ ಓರೆ ಪಟ್ಟಿಯ ದಪ್ಪ ಬದಿ ಯಾವ ಕಡೆಗಿತ್ತೆಂದು ಬಿಚ್ಚುವಾಗಲೇ ಸೀಮೆಸುಣ್ಣದಲ್ಲಿ ಗುರುತು ಹಾಕಿರಬೇಕು. ಅದು ತಿರುಗುಮುರುಗಾದರೆ ತಿರುವಿನಲ್ಲಿ ಸ್ಟೇರಿಂಗ್ ತಾನಾಗಿ ಮರಳುವುದಿಲ್ಲ. ಸ್ಪ್ಲಿಟ್ ಪಿನ್ನುಗಳೆಲ್ಲ ಹೊಸವೇ ಆಗಬೇಕು. ಬ್ರೇಕ್ ಪರೀಕ್ಷಿಸಿ, ಚಕ್ರದ ಅಲೈನ್‌ಮೆಂಟ್ ಮಾಡಿಸಿದ ಮೇಲಷ್ಟೇ ಲೋಡು. ಮೊದಲ ಲೋಡಿಗೆ ಪಟ್ಟಿಗಳು ಒತ್ತಿ ಕೂರುವುದರಿಂದ, ಶಿರಾದಲ್ಲಿ ತುಂಬಿಸಿ ಹೊರಟವರು ಮಧುಗಿರಿಯಲ್ಲಿ ನಿಲ್ಲಿಸಿ ಯು ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿಕೊಂಡೇ ಕೊರಟಗೆರೆ ದಾರಿ ಹಿಡಿಯಬೇಕು.