ವೋಲ್ಟೇಜ್ ಇಳಿದಾಗ ನೀರೇಕೆ ಕಾಯದು?

ಸಂಜೆ ವೋಲ್ಟೇಜ್ ಇಳಿದು ಫ್ಯಾನು ತೂಕಡಿಸತೊಡಗಿದಾಗ, ಹೀಟರಿಟ್ಟ ಬಕೆಟ್ಟಿನ ನೀರೂ ಬೇಗನೆ ಕಾಯದೆಂಬುದನ್ನು ನಮ್ಮ ಗೃಹಿಣಿಯರು ಬಲ್ಲರು. ಅದರ ಲೆಕ್ಕ ಕಠಿಣವೇನಲ್ಲ.

ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ತಂತಿಯ ರೋಧವು ಓಮ್‌ಗಳಲ್ಲಿ ದೊರೆಯುತ್ತದೆ. ಗುಣಿಸಿದರೆ ಸಾಮರ್ಥ್ಯವು ವಾಟ್‌ಗಳಲ್ಲಿ. ಮೊದಲನೆಯ ನಿಯಮವನ್ನು ಜರ್ಮನಿಯ ಉಪಾಧ್ಯಾಯ ಜಾರ್ಜ್ ಸೈಮನ್ ಓಮ್ 1827ರಲ್ಲಿ ಪ್ರಕಟಿಸಿದನು. 230 ವೋಲ್ಟಿನಲ್ಲಿ 5 ಆಂಪಿಯರ್ ಎಳೆಯುವ ಹೀಟರಿನ ರೋಧ 46 ಓಮ್, ಸಾಮರ್ಥ್ಯ 1150 ವಾಟ್. ವೋಲ್ಟೇಜ್ 184ಕ್ಕೆ ಕುಸಿದರೂ ರೋಧವು ಬಹುಮಟ್ಟಿಗೆ ಬದಲಾಗದು. ಆದುದರಿಂದ ಪ್ರವಾಹವೇ 4 ಆಂಪಿಯರಿಗೆ ಇಳಿಯುತ್ತದೆ. 184ನ್ನು 4ರಿಂದ ಗುಣಿಸಿರಿ: ಉಳಿದದ್ದು 736 ವಾಟ್ ಮಾತ್ರ. ವೋಲ್ಟೇಜ್ ಐದರಲ್ಲೊಂದು ಪಾಲು ಇಳಿದರೆ ಶಾಖವು ಮೂರರಲ್ಲೊಂದು ಪಾಲಿಗಿಂತಲೂ ಹೆಚ್ಚು ಇಳಿಯಿತು! 18 ನಿಮಿಷದ ಕೆಲಸಕ್ಕೆ 28 ನಿಮಿಷ ಬೇಕು. ಮೀಟರಿನ ಯೂನಿಟ್ಟು ಮಾತ್ರ ಹೆಚ್ಚುಕಡಿಮೆ ಅಷ್ಟೇ. ಆ ಭಯ ಬೇಡ.

ತೋಟದ ಪಂಪ್‌ಸೆಟ್ಟಿನ ವಿಷಯ ಬೇರೆ. ವೋಲ್ಟೇಜ್ ಕುಸಿದಾಗ ಮೋಟಾರು ಅದೇ ಹೊರೆಯನ್ನು ಹೊರಲು ಹೆಚ್ಚು ಆಂಪಿಯರ್ ಎಳೆದುಕೊಳ್ಳುತ್ತದೆ. 4 ಆಂಪಿಯರ್ 5 ಆದರೆ ಸುರುಳಿಯ ಶಾಖ ಒಂದೂವರೆ ಪಟ್ಟಿಗೂ ಮಿಗಿಲು. ವೈಂಡಿಂಗ್ ಸುಡುವುದು ಹೀಗೆ. ವೋಲ್ಟ್‌ಮೀಟರಿನ ಮುಳ್ಳು ಬಹಳ ಇಳಿದಿದ್ದರೆ ಮೋಟಾರನ್ನು ಹಚ್ಚಬಾರದು.