ಫೋನು, ಲ್ಯಾಪ್‌ಟಾಪುಗಳ ಸಾಮಾನ್ಯ ದೋಷಗಳೂ ಜಾಲವಂಚನೆಯಿಂದ ರಕ್ಷಣೆಯೂ

ವ್ಯವಸಾಯಕ್ಕೆ ಸಂಬಂಧಪಟ್ಟ ಕಾಗದಪತ್ರಗಳ ಬಹುಭಾಗವು ಈಗ ಮರದ ಪೆಟ್ಟಿಗೆಯನ್ನು ಬಿಟ್ಟು ಫೋನಿನೊಳಕ್ಕೆ ಬಂದು ಸೇರಿದೆ. ಪಹಣಿಯ ನಕಲು, ಫ್ರೂಟ್ಸ್ ಗುರುತಿನ ಸಂಖ್ಯೆ, ಬೆಳೆ ಸಮೀಕ್ಷೆಯ ಚಿತ್ರ, ಬೆಳೆ ವಿಮೆಯ ಅರ್ಜಿ, 2019ರಲ್ಲಿ ಪ್ರಾರಂಭವಾದ ಪಿಎಂ ಕಿಸಾನ್ ಯೋಜನೆಯ ಮೇರೆಗೆ ವರ್ಷಕ್ಕೆ ಮೂರು ಕಂತುಗಳಲ್ಲಿ ಬರತಕ್ಕ 6,000 ರೂಪಾಯಿಗಳ ವಿಚಾರ, ಇವೆಲ್ಲಕ್ಕೂ ಅಂಗೈಯಗಲದ ಆ ಯಂತ್ರವೇ ದಾರಿಯಾಗಿದೆ. ಆದಕಾರಣ ವಿಮೆಯ ಕಡೆಯ ದಿವಸ ಫೋನು ಕೆಟ್ಟು ನಿಂತರೆ ಆಗತಕ್ಕ ನಷ್ಟವು ಫೋನಿನ ಬೆಲೆಯಷ್ಟೇ ಅಲ್ಲ. ಒಂದು ವರ್ಷದ ಬೆಳೆಯ ಭದ್ರತೆಯೇ ತಪ್ಪಿಹೋಗಬಹುದು. ಅದೇ ಫೋನು ವಂಚಕನ ಕೈವಶವಾದರೆ ಕೊಬ್ಬರಿಯನ್ನೋ ಅಡಿಕೆಯನ್ನೋ ಮಾರಿ ಬ್ಯಾಂಕಿನಲ್ಲಿಟ್ಟ ಹಣವು ಗಂಟೆಯೊಳಗೆ ಮಾಯವಾಗುವುದುಂಟು. ಊರಿನ ಮುಖಂಡರ ಬಳಿಗೂ ಜಮೀನುದಾರರ ಬಳಿಗೂ ಇಂಥ ತೊಂದರೆಗಳನ್ನು ಹೇಳಿಕೊಂಡು ನಾಲ್ಕಾರು ಮಂದಿ ಬಂದೇ ಬರುವರಾದುದರಿಂದ, ಸಾಮಾನ್ಯವಾಗಿ ಕಂಡುಬರತಕ್ಕ ದೋಷಗಳನ್ನೂ ಅವುಗಳ ಕಾರಣಗಳನ್ನೂ ಇಲ್ಲಿ ವಿವರಿಸಲಾಗಿದೆ.

ಬಾವಿಯ ಪಂಪು ನೀರೆತ್ತದಿದ್ದರೆ ಮೊದಲೇ ಮೋಟಾರನ್ನು ಬಿಚ್ಚುವವರು ಯಾರೂ ಇಲ್ಲ. ಕರೆಂಟು ಇದೆಯೇ, ಫುಟ್‌ವಾಲ್ವಿನಲ್ಲಿ ಕಸ ಸಿಕ್ಕಿದೆಯೇ, ಪೈಪಿನಲ್ಲಿ ಗಾಳಿ ತುಂಬಿದೆಯೇ ಎಂದು ಕ್ರಮವಾಗಿ ನೋಡುತ್ತೇವೆ. ಫೋನಿನ ವಿಷಯದಲ್ಲಿಯೂ ಇದೇ ಕ್ರಮವನ್ನನುಸರಿಸಬೇಕು. ಯಂತ್ರವನ್ನು ಪೂರ್ತಿಯಾಗಿ ಆರಿಸಿ ಮತ್ತೆ ಹೊತ್ತಿಸುವುದು ಮೊದಲ ಕೆಲಸ. ಇದನ್ನು ಹುಡುಗಾಟವೆಂದು ನಗುವವರುಂಟು. ಆದರೆ ಹಲವು ದಿವಸ ಆರಿಸದೆ ಇಟ್ಟ ಫೋನಿನಲ್ಲಿ ಆಪುಗಳು ಒಂದರ ಮೇಲೊಂದು ಕುಳಿತು ಯಂತ್ರದ ತಾತ್ಕಾಲಿಕ ನೆನಪನ್ನು ತುಂಬಿರುತ್ತವೆ. ಕೆಟ್ಟು ನಿಂತ ಆಪೊಂದು ಉಳಿದವನ್ನೂ ತಡೆದಿರುತ್ತದೆ. ಆರಿಸಿದೊಡನೆ ಅವೆಲ್ಲವೂ ತೆರವಾಗುತ್ತವೆ. ಬಳಿಕ ಜಾಲದ ಸಂಪರ್ಕವಿದೆಯೇ, ವಿಮಾನದ ಗುರುತು ಒತ್ತಿಹೋಗಿದೆಯೇ, ರೀಚಾರ್ಜಿನ ಅವಧಿ ಮುಗಿದಿದೆಯೇ, ಸಂಗ್ರಹದ ಸ್ಥಳ ತುಂಬಿದೆಯೇ ಎಂಬುದನ್ನು ನೋಡತಕ್ಕದ್ದು. ಅಂಗಡಿಗೆ ಒಯ್ಯುವುದು ಇವೆಲ್ಲ ಮುಗಿದ ತರುವಾಯ.

ಸಂಗ್ರಹ ತುಂಬುವುದು ಬಹು ಸಾಧಾರಣವಾದ ದೋಷ. ಫೋನು ನಿಧಾನಿಸುತ್ತದೆ, ಚಿತ್ರ ತೆಗೆಯಲು ನಿರಾಕರಿಸುತ್ತದೆ, ಆಪುಗಳು ಹೊಸದಾಗುವುದಿಲ್ಲ. ವಾಟ್ಸಾಪಿನಲ್ಲಿ ಬರತಕ್ಕ ಶುಭೋದಯದ ಚಿತ್ರಗಳೂ ವೀಡಿಯೋಗಳೂ ತಾವಾಗಿಯೇ ಫೋನಿನಲ್ಲಿ ಇಳಿದು ಗೋಧಾಮಿನಲ್ಲಿ ಹೊಟ್ಟು ತುಂಬಿದಂತೆ ತುಂಬಿಕೊಳ್ಳುತ್ತವೆ. ಸೆಟ್ಟಿಂಗಿನಲ್ಲಿ ಅವು ತಾವಾಗಿ ಇಳಿಯದಂತೆ ನಿಲ್ಲಿಸಿ, ಹಳೆಯ ವೀಡಿಯೋಗಳನ್ನು ಅಳಿಸಿದರೆ ಅನೇಕ ವೇಳೆ ಹೊಸ ಫೋನಿನ ಖರ್ಚೇ ಉಳಿಯುತ್ತದೆ. ಶುಭೋದಯವನ್ನು ಬಾಯಲ್ಲಿ ಹೇಳಿದರೂ ನಡೆಯುತ್ತದೆ.

ಬೆಳೆ ಸಮೀಕ್ಷೆಯ ಕಾಲದಲ್ಲಿ ನಾನು ಅತ್ಯಂತ ಹೆಚ್ಚಾಗಿ ಕೇಳುವ ದೂರು, ಜಮೀನಿನಲ್ಲಿಯೇ ನಿಂತಿದ್ದರೂ ಆಪು ಸ್ಥಳವನ್ನು ಒಪ್ಪುವುದಿಲ್ಲವೆಂಬುದು. ಇದರ ಕಾರಣವನ್ನು ತಿಳಿದುಕೊಂಡರೆ ಪರಿಹಾರ ಸುಲಭ. ಫೋನು ತನ್ನ ನೆಲೆಯನ್ನು ಆಕಾಶದಲ್ಲಿ ತಿರುಗುವ ಉಪಗ್ರಹಗಳಿಂದ ಬರತಕ್ಕ ಸಂಕೇತಗಳ ಕಾಲವ್ಯತ್ಯಾಸದಿಂದ ಲೆಕ್ಕಹಾಕುತ್ತದೆ. ಇದಕ್ಕೆ ಕಡಮೆಯೆಂದರೆ ನಾಲ್ಕು ಉಪಗ್ರಹಗಳಾದರೂ ಕಾಣಬೇಕು. ಆ ಸಂಕೇತ ಬಹು ಕ್ಷೀಣವಾದದ್ದು. ದಟ್ಟವಾದ ಅಡಿಕೆ ತೋಟದ ನೆರಳಿನಲ್ಲಿ, ತಗಡಿನ ಪಂಪುಮನೆಯೊಳಗೆ, ಬಂಡೆಯ ಮಗ್ಗುಲಲ್ಲಿ ಅದು ತಗ್ಗಿಹೋಗುತ್ತದೆ. ಆದುದರಿಂದ ಲೊಕೇಷನ್ ಎಂಬುದನ್ನು ತೆರೆದು, ಅದನ್ನು ಬಳಸಲು ಆಪಿಗೆ ಅನುಮತಿ ಕೊಟ್ಟು, ಅದೇ ಸರ್ವೆ ನಂಬರಿನೊಳಗೆ ಆಕಾಶ ಬಯಲಾಗಿ ಕಾಣುವ ಜಾಗದಲ್ಲಿ ಕೆಲವು ನಿಮಿಷ ನಿಲ್ಲಬೇಕು. ಉಪಗ್ರಹದ ಸಂಕೇತಕ್ಕೆ ಟವರು ಬೇಕಾಗಿಲ್ಲ. ಆದರೆ ಜಾಲವಿಲ್ಲದಾಗ ಮೊದಲ ಸಲ ನೆಲೆ ಸಿಕ್ಕುವುದು ತಡವಾಗುತ್ತದೆ. ಅವಸರಪಟ್ಟು ಆಪನ್ನು ಪದೇ ಪದೇ ಮುಚ್ಚಿ ತೆರೆಯುವುದರಿಂದ ಆ ಲೆಕ್ಕವು ಪ್ರತಿಸಲವೂ ಹೊಸದಾಗಿ ಪ್ರಾರಂಭವಾಗಿ ಇನ್ನಷ್ಟು ತಡವಾಗುವುದೇ ಹೊರತು ಪ್ರಯೋಜನವಿಲ್ಲ.

ಇನ್ನೊಂದು ದೋಷವು ನೋಡುವುದಕ್ಕೆ ದೊಡ್ಡದಾಗಿ ಕಂಡರೂ ಮೂಲದಲ್ಲಿ ಬಹು ಚಿಕ್ಕದು. ಸರ್ಕಾರದ ಅಥವಾ ಬ್ಯಾಂಕಿನ ಜಾಲತಾಣವನ್ನು ತೆರೆದರೆ, ಸಂಪರ್ಕವು ಸುರಕ್ಷಿತವಲ್ಲವೆಂದು ಯಂತ್ರ ಎಚ್ಚರಿಸಿ ನಿಂತುಬಿಡುತ್ತದೆ. ಬೀಜದ ಚೀಲಕ್ಕೆ ಹೊಲಿದ ಚೀಟಿಯಲ್ಲಿ ಪರೀಕ್ಷೆಯ ದಿನಾಂಕವೂ ಅದರ ಅವಧಿಯೂ ಇರುವಂತೆ, ಪ್ರತಿಯೊಂದು ಸುರಕ್ಷಿತ ಜಾಲತಾಣಕ್ಕೂ ಒಂದು ಪ್ರಮಾಣಪತ್ರವೂ ಅದಕ್ಕೊಂದು ಅವಧಿಯೂ ಉಂಟು. ಯಂತ್ರವು ಆ ಅವಧಿಯನ್ನು ತನ್ನೊಳಗಿನ ಗಡಿಯಾರದೊಡನೆ ಹೋಲಿಸುತ್ತದೆ. ಗಡಿಯಾರವು ಹಿಂದಿನ ಯಾವುದೋ ಇಸವಿಯನ್ನು ತೋರಿಸುತ್ತಿದ್ದರೆ, ಒಳ್ಳೆಯ ಪ್ರಮಾಣಪತ್ರವೂ ಅವಧಿಗೆ ಹೊರಗಿನದೆಂದು ತೋರುತ್ತದೆ. ಸಹಕಾರ ಸಂಘಗಳಲ್ಲಿರುವ ಹಳೆಯ ಲ್ಯಾಪ್‌ಟಾಪುಗಳೊಳಗೆ ಬಿಲ್ಲೆಯಂಥ ಚಿಕ್ಕ ಸೆಲ್ಲೊಂದಿದ್ದು, ಅದು ಬತ್ತಿಹೋದರೆ ಯಂತ್ರವನ್ನು ಆರಿಸಿದಾಗಲೆಲ್ಲ ದಿನಾಂಕ ಕೆಡುತ್ತದೆ. ಸೆಲ್ಲನ್ನು ಬದಲಾಯಿಸಿ, ದಿನಾಂಕವು ಜಾಲದಿಂದ ತಾನಾಗಿಯೇ ಸರಿಯಾಗುವಂತೆ ಮಾಡಿದರೆ ಸಾಕು. ಗಡಿಯಾರ ಸರಿಯಾಗಿದ್ದೂ ಆ ಎಚ್ಚರಿಕೆ ಬಂದರೆ ಮಾತ್ರ ಅದನ್ನು ದಾಟಿ ಮುಂದೆ ಹೋಗಕೂಡದು.

ಒಟಿಪಿ ಬರುವುದಿಲ್ಲವೆಂಬ ದೂರಿಗೆ ಬಹುತೇಕ ಒಂದೇ ಕಾರಣ: ಆಧಾರಿನಲ್ಲಾಗಲಿ ಬ್ಯಾಂಕಿನಲ್ಲಾಗಲಿ ಬರೆಯಿಸಿರುವ ನಂಬರು ಈಗ ಜೇಬಿನಲ್ಲಿರುವ ನಂಬರಲ್ಲ. ಅಂಕಿಗಳು ಹಳೆಯ ಸಿಮ್ಮಿಗೆ ಹೋಗುತ್ತಿರುತ್ತವೆ. ಇದು ತೊಂದರೆಯಷ್ಟೇ ಅಲ್ಲ, ಅಪಾಯವೂ ಹೌದು. 90 ದಿವಸ ಯಾವ ಬಳಕೆಯೂ ಇಲ್ಲದ ನಂಬರನ್ನು ಕಂಪನಿಯವರು ನಿಲ್ಲಿಸಬಹುದು. ಕೆಲವು ಕಾಲದ ಮೇಲೆ ಅದೇ ನಂಬರನ್ನು ಬೇರೊಬ್ಬರಿಗೆ ಕೊಡುತ್ತಾರೆ. ಆಗ ನಿಮ್ಮ ಖಾತೆಯ ಸಂದೇಶಗಳು ಪರರ ಫೋನಿಗೆ ಹೋಗತೊಡಗುತ್ತವೆ. ಸಿಮ್ಮನ್ನು ಬಿಡುವ ಮೊದಲು ಬ್ಯಾಂಕು, ಆಧಾರು, ಫ್ರೂಟ್ಸ್, ಅಡಿಗೆ ಅನಿಲ, ಪಡಿತರ ಇವುಗಳಲ್ಲೆಲ್ಲ ಹೊಸ ನಂಬರನ್ನು ಬರೆಯಿಸತಕ್ಕದ್ದು. ದುಡಿದು ಸವೆದ ಬೆರಳಿನ ಗೆರೆಗಳನ್ನು ಯಂತ್ರ ಗುರುತಿಸದಿರುವುದೂ ಉಂಟು. ಪಿಎಂ ಕಿಸಾನ್ ಆಪಿನಲ್ಲಿ 2023ರಿಂದ ಮುಖವನ್ನು ತೋರಿಸಿ ಈ-ಕೆವೈಸಿ ಮುಗಿಸುವ ಅನುಕೂಲವಿದೆ.

ಈಗ ವಂಚನೆಯ ವಿಚಾರ. ಇದರಲ್ಲಿ ಹಳ್ಳಿಗಳಿಗೆ ಅತ್ಯಂತ ಹಾನಿಯುಂಟುಮಾಡುತ್ತಿರುವುದು ಎಪಿಕೆ ಎಂಬ ಕಡತ. ಪಿಎಂ ಕಿಸಾನ್ ಪಟ್ಟಿ, ವಾಹನದ ದಂಡದ ಚಲನ್, ಮದುವೆಯ ಲಗ್ನಪತ್ರಿಕೆ ಮುಂತಾದ ಹೆಸರನ್ನು ಹೊತ್ತು ಇದು ವಾಟ್ಸಾಪಿನಲ್ಲಿ ಬರುತ್ತದೆ. ಅನೇಕ ವೇಳೆ ಪರಿಚಯದವರ ನಂಬರಿನಿಂದಲೇ ಬರುತ್ತದೆ. ಏಕೆಂದರೆ ಅವರ ಫೋನು ಮೊದಲೇ ಸೋಂಕಿಗೆ ಒಳಗಾಗಿರುತ್ತದೆ. ಅದು ಚಿತ್ರವೂ ಅಲ್ಲ, ಪತ್ರವೂ ಅಲ್ಲ. ಫೋನಿನಲ್ಲಿ ನೆಲೆಯೂರತಕ್ಕ ಒಂದು ಆಪು. ಒತ್ತಿದ ಕೂಡಲೇ ಸಂದೇಶಗಳನ್ನು ಓದಲು ಅನುಮತಿ ಕೇಳುತ್ತದೆ. ಅನುಮತಿ ಕೊಟ್ಟ ಕ್ಷಣದಿಂದ ಬ್ಯಾಂಕಿನಿಂದ ಬರುವ ಪ್ರತಿಯೊಂದು ಒಟಿಪಿಯೂ ಯಜಮಾನನ ಕಣ್ಣಿಗೆ ಬೀಳುವಷ್ಟರಲ್ಲಿ ವಂಚಕನಿಗೆ ತಲಪಿರುತ್ತದೆ. ಆದಕಾರಣವೇ "ನಾನು ಯಾರಿಗೂ ಒಟಿಪಿ ಹೇಳಲಿಲ್ಲವಲ್ಲ ಸ್ವಾಮಿ" ಎಂದು ಹಣ ಕಳೆದುಕೊಂಡವರು ಹೇಳುವ ಮಾತು ಸುಳ್ಳಲ್ಲ. ಸರ್ಕಾರದ ಯಾವ ಇಲಾಖೆಯೂ ತನ್ನ ಆಪನ್ನು ವಾಟ್ಸಾಪಿನ ಮೂಲಕ ಹಂಚಬೇಕಾದ ಅಗತ್ಯವಿಲ್ಲ. ಬೇಕಾದದ್ದನ್ನು ಪ್ಲೇ ಸ್ಟೋರಿನಿಂದಲೇ, ಪ್ರಕಟಿಸಿದವರ ಹೆಸರನ್ನು ನೋಡಿಯೇ ಇಳಿಸಿಕೊಳ್ಳಬೇಕು.

ಒತ್ತಿಯೇ ಬಿಟ್ಟಿದ್ದರೆ ಆ ಫೋನಿನ ವಿಮಾನದ ಗುರುತನ್ನು ಒತ್ತಿ, ವೈಫೈಯನ್ನೂ ಆರಿಸಿ, ಸಿಮ್ಮನ್ನು ಹೊರಕ್ಕೆ ತೆಗೆಯಿರಿ. ಮತ್ತೊಂದು ಫೋನಿನಿಂದ ಬ್ಯಾಂಕಿಗೆ ತಿಳಿಸಿ ಖಾತೆಯ ವ್ಯವಹಾರವನ್ನು ನಿಲ್ಲಿಸಿ. ಹಣ ಹೋಗಿದ್ದರೆ ಕೂಡಲೇ 1930 ಎಂಬ ರಾಷ್ಟ್ರೀಯ ಸೈಬರ್ ಸಹಾಯವಾಣಿಗೆ ಕರೆಮಾಡಿ. ವಂಚಕರು ಹಣವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಓಡಿಸುತ್ತಾರೆ. ಕೈಗೆ ಸಿಕ್ಕುವ ಮೊದಲೇ ಯಾವುದಾದರೊಂದು ಖಾತೆಯಲ್ಲಿ ಅದನ್ನು ತಡೆಯುವುದೇ ಈ ಸಹಾಯವಾಣಿಯ ಕೆಲಸವಾದ್ದರಿಂದ ಇಲ್ಲಿ ನಿಮಿಷಗಳಿಗೆ ಬೆಲೆಯುಂಟು. ಮಾನಕ್ಕೆ ಅಂಜಿ ಮನೆಯವರಿಗೂ ಹೇಳದೆ ಒಂದು ರಾತ್ರಿ ಸುಮ್ಮನಿದ್ದವರು ಸುಲಭವಾಗಿ ತಡೆಯಬಹುದಾಗಿದ್ದ ಹಣವನ್ನು ಕಳೆದುಕೊಳ್ಳುತ್ತಾರೆ. ಕರೆ ಬಂದ ನಂಬರು, ಹಣ ಹೋದ ವೇಳೆ, ವ್ಯವಹಾರದ ಸಂಖ್ಯೆ ಇವನ್ನು ಒಂದು ಕಾಗದದಲ್ಲಿ ಬರೆದಿಡಬೇಕು. ಚಿತ್ರಗಳನ್ನು ಬೇರೆಡೆಗೆ ತೆಗೆದಿರಿಸಿದ ಮೇಲೆ ಫೋನನ್ನು ಕಾರ್ಖಾನೆಯಿಂದ ಬಂದ ಸ್ಥಿತಿಗೆ ತಂದು, ಗುಪ್ತಪದಗಳನ್ನೆಲ್ಲ ಬದಲಾಯಿಸುವುದು ಕ್ಷೇಮ.

ದನ, ಟ್ರಾಕ್ಟರು, ಕೊಬ್ಬರಿ ಮುಂತಾದುವನ್ನು ಜಾಲದಲ್ಲಿ ಮಾರಲು ಹೊರಟವರಿಗೆ ಕೊಳ್ಳುವವನೆಂದು ಹೇಳಿಕೊಂಡು ಒಬ್ಬನು ಕ್ಯೂಆರ್ ಚೌಕವನ್ನು ಕಳುಹಿಸಿ, ಪಿನ್ನು ಒತ್ತಿದರೆ ಮುಂಗಡ ಜಮೆಯಾಗುವುದೆನ್ನುತ್ತಾನೆ. ಹಣವನ್ನು ಪಡೆಯುವುದಕ್ಕೆ ಪಿನ್ನು ಬೇಕೇ ಇಲ್ಲ. ಪಿನ್ನು ಒತ್ತಿದರೆ ಹಣ ಹೊರಕ್ಕೆ ಹೋಗುವುದೇ ಸರಿ. ಹಣ ಕಳುಹಿಸಿದ ಚಿತ್ರವನ್ನು ನಂಬಿ ಮಾಲನ್ನು ಲಾರಿಗೆ ಏರಿಸಕೂಡದು. ಸ್ವಂತ ಖಾತೆಯ ಉಳಿಕೆಯನ್ನು ನೋಡಬೇಕು. ಪೋಲೀಸರ ವೇಷದಲ್ಲಿ ವೀಡಿಯೋ ಕರೆಮಾಡಿ ಡಿಜಿಟಲ್ ಬಂಧನವೆಂದು ಹೆದರಿಸುವ ಹಾವಳಿಯೂ ಇದೆ. ಅಂಥ ಬಂಧನವು ಈ ದೇಶದ ಯಾವ ಕಾನೂನಿನಲ್ಲಿಯೂ ಇಲ್ಲ, ಕರೆಯನ್ನು ಕಡಿದುಹಾಕಬಹುದು. ಬ್ಯಾಂಕಿನ ನಂಬರನ್ನು ಜಾಲದಲ್ಲಿ ಹುಡುಕಿದರೆ ವಂಚಕರು ಹಾಕಿದ ನಂಬರುಗಳೂ ದೊರೆಯುವುದರಿಂದ, ಪಾಸ್‌ಪುಸ್ತಕದಲ್ಲಿ ಅಚ್ಚಾಗಿರುವುದನ್ನೇ ಬಳಸುವುದು ಮೇಲು.

ಜಮೀನುದಾರರು ವಿಶೇಷವಾಗಿ ಗಮನಿಸತಕ್ಕ ವಿಷಯವೊಂದುಂಟು. 2023ರಲ್ಲಿ ಕರ್ನಾಟಕದಲ್ಲಿ ಸ್ಥಿರಾಸ್ತಿಯ ನೋಂದಣಿ ಮಾಡಿಸಿದ ಅನೇಕರ ಖಾತೆಗಳಿಂದ, ಒಟಿಪಿಯೂ ಇಲ್ಲದೆ, ಆಧಾರಿನ ಬೆರಳಚ್ಚಿನ ಮೂಲಕ ಹಣ ಹೊರಟುಹೋದ ದೂರುಗಳು ಬಂದವು. ಪತ್ರಗಳ ನಕಲಿನಲ್ಲಿದ್ದ ಹೆಬ್ಬೆಟ್ಟಿನ ಗುರುತನ್ನೇ ಅಚ್ಚುಮಾಡಿ ಬಳಸಿದ್ದರು. ಇದಕ್ಕೆ ಪ್ರತಿವಿಧಾನವೆಂದರೆ ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಾಗಲಿ ಅದರ ಆಪಿನಲ್ಲಾಗಲಿ ಬೆರಳಚ್ಚಿಗೆ ಬೀಗ ಹಾಕುವುದು. ಬೆರಳೊತ್ತಬೇಕಾದ ಸಂದರ್ಭ ಬಂದಾಗ ತಾತ್ಕಾಲಿಕವಾಗಿ ತೆರೆದುಕೊಳ್ಳಬಹುದು.

ನನ್ನ ಅಭಿಪ್ರಾಯದಲ್ಲಿ ಇದಕ್ಕಿಂತಲೂ ದೊಡ್ಡ ಅಪಾಯವು ಊರೊಳಗೇ ಇದೆ. ಓದಿದ ಹುಡುಗನೊಬ್ಬನು ಉಪಕಾರಕ್ಕಾಗಿ ನಲವತ್ತು ಐವತ್ತು ಮನೆಯವರ ಆಧಾರ್ ಸಂಖ್ಯೆ, ಎಟಿಎಂ ಪಿನ್ನು, ಗುಪ್ತಪದಗಳನ್ನು ಒಂದೇ ಡೈರಿಯಲ್ಲಿ ಬರೆದಿಟ್ಟುಕೊಂಡಿರುತ್ತಾನೆ. ಹುಡುಗನು ಪ್ರಾಮಾಣಿಕನೇ ಇರಬಹುದು. ಡೈರಿ ಕಳೆದರೆ ಇಡೀ ಊರಿನ ಬೀಗದ ಕೈ ಕಳೆದಂತೆ. ಮುಖಂಡರು ಇದನ್ನು ಪ್ರೋತ್ಸಾಹಿಸಕೂಡದು. ಅಕ್ಷರ ಬಾರದ ವೃದ್ಧರಿಗೂ ನಾಲ್ಕು ಅಂಕಿಗಳನ್ನು ನೆನಪಿಡುವ ಶಕ್ತಿಯುಂಟು. ಸಾಲಸೋಲದ ಲೆಕ್ಕವನ್ನೆಲ್ಲ ಬಾಯಲ್ಲೇ ಇಟ್ಟುಕೊಂಡವರಲ್ಲವೇ ಅವರು!

ಲ್ಯಾಪ್‌ಟಾಪಿನ ವಿಷಯವಾಗಿ ಹೇಳಬೇಕಾದದ್ದು ಸ್ವಲ್ಪ. ವಿಂಡೋಸ್ 10ಕ್ಕೆ ತಯಾರಕರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅಂಥ ಯಂತ್ರಗಳಲ್ಲಿ ಸಂಘದ ಹಣದ ವ್ಯವಹಾರ ನಡೆಸುವವರು ಹೊಸದಕ್ಕೆ ಬದಲಾಯಿಸುವ ಏರ್ಪಾಡನ್ನು ಮಾಡಬೇಕು. ಹೋಬಳಿಯ ಜೆರಾಕ್ಸ್ ಅಂಗಡಿಗೆ ಒಯ್ದು ತಂದ ಪೆನ್‌ಡ್ರೈವು ಅನೇಕರ ಯಂತ್ರದ ಸೋಂಕನ್ನು ಹೊತ್ತು ತರುತ್ತದೆ. ತೆರೆಯುವ ಮೊದಲು ಶೋಧಿಸತಕ್ಕದ್ದು. ಸಂಘದ ಲೆಕ್ಕದ ಪ್ರತಿಯೊಂದನ್ನು ಬೇರೊಂದು ಡಿಸ್ಕಿನಲ್ಲಿ, ಬೇರೊಂದು ಕಟ್ಟಡದಲ್ಲಿ ಇಡಬೇಕು. ಗುಡುಗು ಸಿಡಿಲಿನ ವೇಳೆ ಪ್ಲಗ್ಗನ್ನು ಕೀಳಿಸಿಡುವುದು ಸ್ಟೆಬಿಲೈಸರಿಗಿಂತಲೂ ನಂಬಬಹುದಾದ ರಕ್ಷಣೆ.

ಮಳೆಯಲ್ಲೋ ಕಾಲುವೆಯಲ್ಲೋ ನೆನೆದ ಫೋನನ್ನು ಕೂಡಲೇ ಆರಿಸಿ, ನೀರನ್ನು ಒರಸಿ, ಗಾಳಿಯಾಡುವ ನೆರಳಿನಲ್ಲಿಡಬೇಕು. ಚಾರ್ಜಿಗೆ ಹಾಕಲೇಕೂಡದು. ಅಕ್ಕಿಯ ಡಬ್ಬಿಯಲ್ಲಿ ಹೂಳುವ ವಾಡಿಕೆ ಒಳ್ಳೆಯದಲ್ಲ. ಅಕ್ಕಿಯ ನುಸಿ ರಂಧ್ರಗಳಲ್ಲಿ ಸೇರುತ್ತದೆ. ಬ್ಯಾಟರಿ ಉಬ್ಬಿ ಫೋನಿನ ಬೆನ್ನು ಎದ್ದಿದ್ದರೆ ಒತ್ತದೆ, ಚುಚ್ಚದೆ, ಬಳಸುವುದನ್ನು ನಿಲ್ಲಿಸಿ ಅಂಗಡಿಗೆ ಒಯ್ಯತಕ್ಕದ್ದು; ಅದು ಬೆಂಕಿ ಹತ್ತುವ ಪದಾರ್ಥ.

ಕಡೆಯದಾಗಿ, ಫೋನಿನಲ್ಲಿ ಕರೆಯ ಅಂಕಿಗಳನ್ನೊತ್ತುವಲ್ಲಿ ನಕ್ಷತ್ರ, ಹ್ಯಾಶ್, ಸೊನ್ನೆ, ಆರು, ಹ್ಯಾಶ್ ಎಂದು ಒತ್ತಿದರೆ 15 ಅಂಕಿಗಳ ಐಎಂಇಐ ಸಂಖ್ಯೆಯೊಂದು ಕಾಣುತ್ತದೆ. ಎರಡು ಸಿಮ್ಮಿನ ಫೋನಾದರೆ ಎರಡು. ಇದನ್ನು ಈ ದಿವಸವೇ ಬರೆದು ಪಹಣಿಯ ಕಾಗದಗಳೊಂದಿಗೆ ಇಡಿರಿ. ಸಂತೆಯಲ್ಲೋ ಜಾತ್ರೆಯಲ್ಲೋ ಫೋನು ಕಳೆದರೆ ಪೋಲೀಸು ಠಾಣೆಯಲ್ಲಿ ದೂರಿತ್ತು, ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದಲ್ಲಿ ಈ ಸಂಖ್ಯೆಯನ್ನು ಕೊಟ್ಟು ಆ ಫೋನು ದೇಶದ ಯಾವ ಜಾಲದಲ್ಲಿಯೂ ನಡೆಯದಂತೆ ತಡೆಯಿಸಬಹುದು. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ಮುಗಳಿವೆಯೆಂಬುದನ್ನೂ ಅಲ್ಲಿಯೇ ನೋಡಿ, ನಿಮ್ಮದಲ್ಲದ್ದನ್ನು ತಿಳಿಸಿದರೆ ಅದರ ವಿಷಯದಲ್ಲಿ ವಿಚಾರಣೆ ನಡೆಸಿ ಕ್ರಮ ಕೈಕೊಳ್ಳುತ್ತಾರೆ.